ಎರಡು ಕ್ರಿಸ್‌ಮಸ್, ಒಂದು ಮುಳ್ಳುಗಿಡ: ಕಾಲಯಾನದ ಆಟಕ್ಕೆ ಹಬ್ಬದ ಕಥೆ ಬರೆಯೋದು ಹೇಗೆ

ಲ್ಯಾಬಿನಲ್ಲಿ ಕೆಲಸ ಮುಗಿದು ಇನ್ನೂ ಹತ್ತು ನಿಮಿಷ ಉಳಿದಿದ್ದರೆ ಒಂದು ಪ್ರಯೋಗ ಮಾಡಿ. ಲಿನಕ್ಸ್ ಟರ್ಮಿನಲ್ ತೆಗೆದು ‘ಕ್ಯಾಲ್ 9 1752’ ಅಂತ ಕೊಡಿ. (ಇಂಗ್ಲಿಷ್ ಅಕ್ಷರದಲ್ಲೇ ಕೊಡಿ. ಕನ್ನಡ ಸಂಘದ ಅಭಿಮಾನ ಅಲ್ಲಿ ನಡೆಯಲ್ಲ.) 1752ನೇ ಇಸವಿಯ ಸೆಪ್ಟೆಂಬರ್ ತಿಂಗಳು ಪರದೆ ಮೇಲೆ ಬರುತ್ತೆ. ಮಂಗಳವಾರ 1, ಬುಧವಾರ 2, ಗುರುವಾರ 14. ನಡುವಿನ ಹನ್ನೊಂದು ದಿನ ಇಲ್ಲವೇ ಇಲ್ಲ.

ನಾನು ಮೊದಲ ಸಲ ನೋಡಿದಾಗ ಇದು ಬಗ್ ಅಂದ್ಕೊಂಡು ಲ್ಯಾಬ್ ಮೇಡಂಗೆ ತೋರಿಸಿದ್ದೆ. ಅವರು ನಕ್ಕು, ‘ಬಗ್ ಅಲ್ಲಪ್ಪ, ಬ್ರಿಟಿಷ್ ಪಾರ್ಲಿಮೆಂಟು’ ಅಂದ್ರು. ಆವತ್ತು ತಲೆಗೆ ಹತ್ತಿದ ಹುಳ, ಕಳೆದ ಡಿಸೆಂಬರ್‌ನಲ್ಲಿ ಒಂದು ಆಟವಾಗಿ ಹೊರಗೆ ಬಂತು. ಆ ಆಟ ಬರೆದದ್ದು ಹೇಗೆ, ಮೊದಲ ಸಲ ಎಲ್ಲಿ ಕೆಟ್ಟಿತು, ಎರಡನೇ ಸಲ ಯಾಕೆ ನಿಂತಿತು ಅನ್ನೋದನ್ನ ಇಲ್ಲಿ ಹೇಳ್ತೀನಿ. ನೀವೂ ಬರೆಯಲಿ ಅನ್ನೋದೇ ಉದ್ದೇಶ.

ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದ್ರೆ ನಾಲ್ಕೈದು ಜನ ಮೇಜಿನ ಸುತ್ತ ಕೂತು ಮಾತಿನಲ್ಲೇ ಆಡೋ ಆಟ. ಒಬ್ಬ ಗೇಮ್ ಮಾಸ್ಟರ್. ಅವನು ಸನ್ನಿವೇಶ ಹೇಳ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡ್ತೀನಿ’ ಅಂತಾರೆ. ಆಗುತ್ತೋ ಇಲ್ಲವೋ ಅನುಮಾನ ಇದ್ದಾಗ ದಾಳ ಹಾಕ್ತಾರೆ. ಕರಾವಳಿ, ಮಲೆನಾಡಿನವರಿಗೆ ಇನ್ನೂ ಸುಲಭವಾಗಿ ಹೇಳಬಹುದು: ಇದು ದಾಳ ಇರೋ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಅರ್ಥ ಹೇಳಬೇಕು. ಗೇಮ್ ಮಾಸ್ಟರ್ ಮನೆಯಲ್ಲಿ ಕೂತು ಬರೆದುಕೊಂಡು ಬರೋದು ಪ್ರಸಂಗ ಮಾತ್ರ. ಅರ್ಥಗಾರಿಕೆ ಏನಿದ್ದರೂ ಆಡುವವರದ್ದು.

ಈ ಹೋಲಿಕೆ ಸುಮ್ಮನೆ ಹೇಳಿದ್ದಲ್ಲ, ಮುಂದೆ ಬೇಕಾಗುತ್ತೆ.

ಕಾಲಯಾನದ ಆಟಗಳು ಹಲವು ಇವೆ. ನಾವು ಆಡೋದು ‘ಡಾಕ್ಟರ್ ಹೂ’ ಆಟದ ನಿಯಮಗಳಿಂದ. ಕ್ಯುಬಿಕಲ್ 7 ಅನ್ನೋ ಪ್ರಕಾಶನ 2009ರಲ್ಲಿ ತಂದದ್ದು. ಡಾಕ್ಟರ್‌ನನ್ನೂ ಅವನ ನೀಲಿ ಡಬ್ಬವನ್ನೂ ಬಿಟ್ಟು, ನಮ್ಮದೇ ಪಾತ್ರಗಳು, ನಮ್ಮದೇ ಯಂತ್ರ ಇಟ್ಟುಕೊಂಡಿದ್ದೀವಿ. (ಯಂತ್ರ ಒಂದು ಹಳೇ ಕೆಂಪು ಬಸ್ಸು. ಕಂಡಕ್ಟರ್ ಸೀಟಿನಲ್ಲಿ ಕೂತವರು ಇಸವಿ ಹರಿದು ಕೊಡಬೇಕು.) ಆ ಟಿವಿ ಸರಣಿಗೆ 2005ರಿಂದ 2017ರವರೆಗೆ ಪ್ರತಿ ವರ್ಷ ಕ್ರಿಸ್‌ಮಸ್ ದಿನವೇ ಒಂದು ವಿಶೇಷ ಕಂತು ಬರ್ತಿತ್ತು. ಹಾಗಾಗಿ ಈ ಆಟ ಆಡುವವರಲ್ಲೂ ಡಿಸೆಂಬರ್ ಬಂದರೆ ಹಬ್ಬದ ಕಥೆ ಆಡೋ ರೂಢಿ ಇದೆ. ನಮ್ಮ ಗುಂಪಿನಲ್ಲಿ ಕ್ರಿಸ್‌ಮಸ್ ಆಚರಿಸುವವರು ಯಾರೂ ಇಲ್ಲ. ಆದರೆ ಸೆಮಿಸ್ಟರ್ ಪರೀಕ್ಷೆ ಮುಗಿದು, ಊರಿಗೆ ಹೋಗೋ ಬಸ್ಸಿಗೆ ಇನ್ನೂ ಎರಡು ದಿನ ಇರೋ ಆ ಖಾಲಿ ಭಾನುವಾರ ನಮಗೂ ಹಬ್ಬವೇ.

ಮೊದಲ ಸಲ ಕೆಟ್ಟದ್ದು

ಹಬ್ಬದ ಕಥೆ ಬರೆಯಲು ಕೂತವರೆಲ್ಲ ಮಾಡೋ ತಪ್ಪು ಒಂದಿದೆ. ಹಬ್ಬವನ್ನ ಸೀರಿಯಲ್ ಸೆಟ್ಟಿನ ಹಾಗೆ ಕಥೆಯ ಮೇಲೆ ತೂಗುಹಾಕಿಬಿಡ್ತೀವಿ. ಹಿಮ, ಗಂಟೆ, ದೀಪ, ಕೆಂಪು ಟೋಪಿ. ಒಳಗಿರೋದು ಅದೇ ಹಳೇ ಕಥೆ: ದುಷ್ಟ ಬಂದ, ಹೊಡೆದ್ವಿ, ಹೋದ. ಹಬ್ಬವನ್ನ ತೆಗೆದು ಅಲ್ಲಿ ಕಾಲೇಜ್ ಡೇ ಇಟ್ಟರೂ ಏನೂ ವ್ಯತ್ಯಾಸ ಆಗಲ್ಲ ಅನ್ನೋದಾದ್ರೆ ನೀವು ಬರೆದದ್ದು ಹಬ್ಬದ ಕಥೆ ಅಲ್ಲ.

ನಾನು ಇದನ್ನ ತಪ್ಪಿಸಿದೆ ಅಂತ ಹೆಮ್ಮೆಯಲ್ಲಿದ್ದೆ. ನನ್ನ ಮೊದಲ ಕಥೆಯಲ್ಲಿ 1752ರ ಆ ಹನ್ನೊಂದು ದಿನವನ್ನ ಯಾವುದೋ ಗ್ರಹದವನು ಕದ್ದಿದ್ದ. ಲಂಡನ್ನಿನಲ್ಲಿ ಜನ ‘ನಮ್ಮ ಹನ್ನೊಂದು ದಿನ ವಾಪಸ್ ಕೊಡಿ’ ಅಂತ ದಂಗೆ ಎದ್ದಿದ್ದರು. ನಮ್ಮವರು ಕಳ್ಳನನ್ನ ಹಿಡಿದು, ದಿನಗಳನ್ನ ಬಿಡಿಸಿ, ಕ್ರಿಸ್‌ಮಸ್ ಉಳಿಸಬೇಕು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆಟ ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕಂಪ್ಯೂಟರ್ ಸೈನ್ಸಿನ ಗೆಳೆಯ ಕೈ ಎತ್ತಿದ. ‘ಮಗಾ, ದಿನ ಯಾರೂ ಕದ್ದಿಲ್ಲವಲ್ಲ. ಬುಧವಾರ ರಾತ್ರಿ ಮಲಗಿದ್ರು, ಗುರುವಾರ ಬೆಳಿಗ್ಗೆ ಎದ್ರು. ಲೇಬಲ್ ತಾನೇ ಬದಲಾಗಿದ್ದು? ಪಾಯಿಂಟರ್ ಜಂಪ್ ಆಗಿದೆ, ಡೇಟಾ ಎಲ್ಲೂ ಹೋಗಿಲ್ಲ.’

ಎಲ್ಲರೂ ನಕ್ಕರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಮೋಸ ತಿಂದು ಎದ್ದೆವು.

ಅವನು ಹೇಳಿದ್ದು ಸರಿ. ಜೂಲಿಯನ್ ಪಂಚಾಂಗ ವರ್ಷಕ್ಕೆ 365.25 ದಿನ ಅಂತ ಲೆಕ್ಕ ಹಾಕಿತ್ತು. ಋತುಗಳು ತಿರುಗಿ ಬರೋದಕ್ಕೆ ಬೇಕಿರೋದು ಸುಮಾರು 365.2422. ವರ್ಷಕ್ಕೆ ಹನ್ನೊಂದು ನಿಮಿಷ ಚಿಲ್ಲರೆ ತಪ್ಪು, 128 ವರ್ಷಕ್ಕೆ ಒಂದು ದಿನ. 1582ರಲ್ಲಿ ಪೋಪ್ ಗ್ರೆಗರಿ ಹತ್ತು ದಿನ ಹಾರಿಸಿ ಇದನ್ನ ಸರಿಮಾಡಿದ. ಕ್ಯಾಥೊಲಿಕ್ ದೇಶಗಳು ಒಪ್ಪಿದವು, ಇಂಗ್ಲೆಂಡ್ ಒಪ್ಪಲಿಲ್ಲ. ಒಪ್ಪುವ ಹೊತ್ತಿಗೆ 1700 ಕಳೆದಿತ್ತು. ಹಳೇ ಲೆಕ್ಕದಲ್ಲಿ ಅದು ಅಧಿಕ ವರ್ಷ, ಹೊಸದರಲ್ಲಿ ಅಲ್ಲ. ಹಾಗಾಗಿ ಹತ್ತು ಹೋಗಿ ಹನ್ನೊಂದಾಯ್ತು. (ಸ್ವೀಡನ್ನಿನವರು ಇದೇ ಗೊಂದಲದಲ್ಲಿ 1712ರಲ್ಲಿ ಫೆಬ್ರವರಿ 30 ಅನ್ನೋ ದಿನವನ್ನೇ ಮಾಡಿಕೊಂಡಿದ್ದರು. ಆ ದಿನಕ್ಕೆ ಬಸ್ಸು ಒಯ್ಯೋ ಆಸೆ ಇನ್ನೂ ಇದೆ.)

ದಂಗೆಯ ಕಥೆಯೂ ಹೀಗೇ ಕೈಕೊಟ್ಟಿತು. ಅದರ ಬೇರು ಹುಡುಕಿದರೆ ಸಿಗೋದು ಹೊಗಾರ್ತ್ ಅನ್ನೋ ಚಿತ್ರಕಾರ 1755ರಲ್ಲಿ ಬಿಡಿಸಿದ ಒಂದು ಚಿತ್ರ. ಆಕ್ಸ್‌ಫರ್ಡ್‌ಶೈರಿನ ಚುನಾವಣೆಯ ಗೇಲಿ ಅದು. ನೆಲದ ಮೇಲೆ ಬಿದ್ದಿರೋ ಫಲಕದಲ್ಲಿ ಹನ್ನೊಂದು ದಿನದ ಘೋಷಣೆ ಇದೆ. ದಂಗೆ ನಿಜವಾಗಿ ನಡೆದಿತ್ತು ಅಂತ ಇವತ್ತಿನ ಇತಿಹಾಸಕಾರರು ಒಪ್ಪಲ್ಲ. ಕಾಯ್ದೆ ಬರೆದವರು ಬುದ್ಧಿವಂತರೇ: ಬಾಡಿಗೆ, ಸಾಲದ ಗಡುವು ಹನ್ನೊಂದು ದಿನ ಮುಂಚೆ ಬಂದುಬಿಡದ ಹಾಗೆ ನೋಡಿಕೊಂಡಿದ್ದರು. ದಿನ ಕಳೆದುಹೋಯ್ತು ಅಂತ ಎದೆ ಬಡ್ಕೊಂಡ ಹಳ್ಳಿ ಮುಗ್ಧರ ಚಿತ್ರ ನಂತರದವರ ತಮಾಷೆ. ಹಳೇ ಕಾಲದವರೆಲ್ಲ ಪೆದ್ದರು ಅಂದುಕೊಂಡು ಕಾಲಯಾನದ ಕಥೆ ಬರೆಯಲೇಬೇಡಿ. ಮೇಜಿನ ಸುತ್ತ ಇರುವವರು ಬೇಗ ಬೇಸರಗೊಳ್ತಾರೆ. ಪೆದ್ದರನ್ನ ಕಾಪಾಡೋದರಲ್ಲಿ ಮಜಾ ಇಲ್ಲ.

ಮುಳ್ಳುಗಿಡ

ಕಥೆ ಬಿಟ್ಟುಬಿಡೋಣ ಅಂತಿದ್ದಾಗ ಸಿಕ್ಕಿದ್ದು ಒಂದು ಚಿಕ್ಕ ಸುದ್ದಿ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಝಿನ್’ ಅನ್ನೋ ಮಾಸಪತ್ರಿಕೆಯ 1753ರ ಜನವರಿ ಸಂಚಿಕೆಯದ್ದು.

ಹಿನ್ನೆಲೆ ಇಷ್ಟು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯಲ್ಲಿ ಒಂದು ಜಾತಿಯ ಮುಳ್ಳುಗಿಡ ಇದೆ. ವರ್ಷಕ್ಕೆ ಎರಡು ಸಲ ಹೂ ಬಿಡುತ್ತೆ, ವಸಂತದಲ್ಲಿ ಒಂದು ಸಲ, ನಡುಚಳಿಗಾಲದಲ್ಲಿ ಇನ್ನೊಂದು ಸಲ. ಯೇಸುವಿನ ದೇಹವನ್ನ ಸಮಾಧಿ ಮಾಡಿದ ಅರಿಮಥಾಯದ ಜೋಸೆಫ್ ಇಲ್ಲಿಗೆ ಬಂದು ಊರುಗೋಲು ನೆಟ್ಟಾಗ ಚಿಗುರಿದ್ದು ಅಂತ ಐತಿಹ್ಯ. ಕ್ರಿಸ್‌ಮಸ್ ಹಿಂದಿನ ರಾತ್ರಿ ಹೂ ಬಿಡುತ್ತೆ ಅಂತ ನಂಬಿಕೆ. ಬೀಜದಿಂದ ಹಾಕಿದರೆ ಸಾಮಾನ್ಯ ಗಿಡ ಹುಟ್ಟುತ್ತೆ, ಕಸಿ ಮಾಡಿಯೇ ಬೆಳೆಸಬೇಕು. ಅಂಥ ಒಂದು ಗಿಡ ಬಕಿಂಗ್‌ಹ್ಯಾಮ್‌ಶೈರಿನ ಕ್ವೇಂಟನ್ ಅನ್ನೋ ಹಳ್ಳಿಯಲ್ಲೂ ಇತ್ತು.

1752ರ ಡಿಸೆಂಬರ್ 24. ಹೊಸ ಪಂಚಾಂಗ ಬಂದಮೇಲಿನ ಮೊದಲ ಕ್ರಿಸ್‌ಮಸ್. ಆ ರಾತ್ರಿ ಕ್ವೇಂಟನ್‌ನ ಗಿಡದ ಸುತ್ತ ಲಾಟೀನು, ಮೇಣದಬತ್ತಿ ಹಿಡಿದು ಎರಡು ಸಾವಿರಕ್ಕೂ ಹೆಚ್ಚು ಜನ ಸೇರಿದರು ಅನ್ನುತ್ತೆ ಸುದ್ದಿ. ಪಾರ್ಲಿಮೆಂಟು ಹೇಳಿದ ದಿನ ಸರಿಯೋ, ಅಜ್ಜನ ಕಾಲದ ದಿನ ಸರಿಯೋ, ಗಿಡವೇ ಹೇಳಲಿ ಅಂತ. ಗಿಡ ಹೂ ಬಿಡಲಿಲ್ಲ. ಜನ ಹೊಸ ಕ್ರಿಸ್‌ಮಸ್ ಆಚರಿಸಲ್ಲ ಅಂದುಬಿಟ್ಟರು. ಕೊನೆಗೆ ಅಕ್ಕಪಕ್ಕದ ಪಾದ್ರಿಗಳೇ ಹಳೇ ಕ್ರಿಸ್‌ಮಸ್ ದಿನವನ್ನೂ, ಅಂದ್ರೆ ಹೊಸ ಲೆಕ್ಕದ ಜನವರಿ 5ನ್ನು, ಎಂದಿನಂತೆ ನಡೆಸ್ತೀವಿ ಅಂತ ಸಾರಬೇಕಾಯ್ತು.

ಇದನ್ನ ಓದಿ ನನಗೆ ನಗು ಬರಲಿಲ್ಲ. ಆ ಎರಡು ಸಾವಿರ ಜನ ಮಾಡಿದ್ದು ಏನು? ಟೆಸ್ಟಿಂಗ್! ಮೇಲಿನಿಂದ ಅಪ್‌ಡೇಟ್ ಬಂತು, ನಂಬೋದಕ್ಕೆ ಮುಂಚೆ ಅವರಿಗೆ ಗೊತ್ತಿದ್ದ ಉಪಕರಣದಲ್ಲಿ ಪರೀಕ್ಷೆ ಮಾಡಿದರು. ಚಳಿಯಲ್ಲಿ, ರಾತ್ರಿಯೆಲ್ಲ ನಿಂತು. ನಾವು ಎಷ್ಟು ಜನ ಲ್ಯಾಬ್ ರೀಡಿಂಗ್‌ಗೆ ಅಷ್ಟು ಕಾಯ್ತೀವಿ?

ಯಾವತ್ತು ಹಬ್ಬ ಅನ್ನೋ ಜಗಳ ನಮಗೂ ಹೊಸದೇನಲ್ಲ. ಮನೆಯಲ್ಲಿ ಎರಡು ಪಂಚಾಂಗ ಇದ್ದರೆ ಏಕಾದಶಿ ಎರಡು ದಿನ. ನಮ್ಮ ಗುಂಪಿನ ಮಂಗಳೂರಿನ ಗೆಳೆಯನಿಗೆ ಹೊಸ ವರ್ಷ ಯುಗಾದಿಗಲ್ಲ, ಬಿಸುವಿಗೆ. ಉಡುಪಿಯ ಕೃಷ್ಣಾಷ್ಟಮಿ ಸೌರಮಾನದ ಲೆಕ್ಕದ್ದು, ಕೆಲವು ವರ್ಷ ನಮ್ಮದಕ್ಕೂ ಅದಕ್ಕೂ ದಿನವಲ್ಲ, ತಿಂಗಳೇ ಬೇರೆ. ಹಾಗಾಗಿ ಕ್ವೇಂಟನ್‌ನವರ ಸಂಕಟ ನಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನೀವು ಬರೆಯುವಾಗಲೂ ಇಂಥದ್ದನ್ನೇ ಹುಡುಕಿ: ದೂರದ ಹಬ್ಬ, ಆದರೆ ಹತ್ತಿರದ ಜಗಳ.

ಯಾವುದನ್ನ ಕಟ್ಟಬೇಕು, ಯಾವುದನ್ನ ಬಿಡಬೇಕು

ಕಾಲಯಾನದ ಕಥೆಯಲ್ಲಿ ಎಲ್ಲರಿಗೂ ಬರೋ ಕಷ್ಟ ಇದು. ಇತಿಹಾಸ ಬದಲಾಗಲ್ಲ ಅಂದ್ರೆ ಆಡುವವರಿಗೆ ಕೆಲಸ ಏನು? ಬದಲಾಗುತ್ತೆ ಅಂದ್ರೆ ಮಿತಿ ಏನು?

ಇಲ್ಲಿ ತಾಳಮದ್ದಳೆ ನೆನೆಸಿಕೊಳ್ಳಿ. ವಾಲಿ ಸಾಯ್ತಾನೆ. ಅದು ಸಭೆಯಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಭಾಗವತರು ಯಾವ ಪದ ಎತ್ತಿದರೂ ವಾಲಿ ಬದುಕಿ ಉಳಿಯಲ್ಲ. ಆದರೂ ಬಾಣ ತಗುಲಿದ ಮೇಲೆ ವಾಲಿ ರಾಮನಿಗೆ ಏನು ಕೇಳ್ತಾನೆ, ರಾಮ ಏನು ಉತ್ತರ ಕೊಡ್ತಾನೆ ಅಂತ ಕೇಳೋಕೆ ನಿದ್ದೆಗೆಟ್ಟು ಕೂರ್ತಾರೆ. ಪ್ರಸಂಗ ಕಟ್ಟಿದೆ, ಅರ್ಥ ಬಿಟ್ಟಿದೆ.

ಅದೇ ಪಾಠ ನನ್ನದು. ಪತ್ರಿಕೆಯಲ್ಲಿ ಅಚ್ಚಾದದ್ದು ಪ್ರಸಂಗ: ಡಿಸೆಂಬರ್ 24ರ ರಾತ್ರಿ ಎರಡು ಸಾವಿರ ಜನ ಬಂದರು, ಹೂ ಬಿಡಲಿಲ್ಲ. ಇದನ್ನ ಮುಟ್ಟೋ ಹಾಗಿಲ್ಲ. ಆ ಎರಡು ಸಾವಿರ ಜನರಲ್ಲಿ ಒಬ್ಬೊಬ್ಬರಿಗೂ ಹೂ ಬಿಡದೇ ಇದ್ದದ್ದರಿಂದ ಏನಾಯ್ತು ಅನ್ನೋದು ಅರ್ಥ. ಅದು ಪೂರ್ತಿ ಆಟಗಾರರದ್ದು.

ಇಷ್ಟಾದಮೇಲೆ ಎರಡು ಪಾತ್ರ ಬೇಕಾದವು. ಮೊದಲನೆಯವನು ವಿರೋಧಿ. ಅವನಿಗೆ ನಾನು ‘ಸರಿಗಾರ’ ಅಂತ ಹೆಸರಿಟ್ಟೆ. ಭವಿಷ್ಯದಿಂದ ಬಂದ ಗುಮಾಸ್ತ. ಎಲ್ಲ ಊರು, ಎಲ್ಲ ಕಾಲಕ್ಕೂ ಒಂದೇ ತಾರೀಖು ಇರಬೇಕು ಅನ್ನೋದು ಅವನ ಕೆಲಸ. ಗಿಡದ ಬೇರಿನ ಸುತ್ತ ಬಿಸಿ ಸುರುಳಿ ಹೂತಿದ್ದಾನೆ, ಡಿಸೆಂಬರ್ 24ಕ್ಕೇ ಹೂ ಬಿಡಿಸಬೇಕು ಅಂತ. ಹೂ ಬಿಟ್ಟರೆ ಜನ ಹೊಸ ದಿನ ಒಪ್ತಾರೆ, ಗೊಂದಲ ಮುಗಿಯುತ್ತೆ. ಗಮನಿಸಿ, ಅವನು ಹೇಳೋದರಲ್ಲಿ ಲೆಕ್ಕದ ತಪ್ಪು ಇಲ್ಲ. ಹಳೇ ಪಂಚಾಂಗ ನಿಜವಾಗಿಯೂ ಹನ್ನೊಂದು ದಿನ ತಪ್ಪಾಗಿತ್ತು! ಎಂಜಿನಿಯರಿಂಗ್ ಹುಡುಗರು ಕೂತ ಮೇಜಿನಲ್ಲಿ ಅರ್ಧ ಜನ ‘ಇವನು ಹೇಳ್ತಿರೋದು ಸರಿ ಇದೆ ಕಣೋ’ ಅಂತ ಪಿಸುಗುಡಬೇಕು. ಅಂಥ ವಿರೋಧಿ ಸಿಕ್ಕಿದರೆ ಅರ್ಧ ಆಟ ಬರೆದ ಹಾಗೆ.

ಎರಡನೆಯವಳು ಒಬ್ಬ ಅಜ್ಜಿ. ಇವಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಎರಡು ವರ್ಷದ ಹಿಂದೆ ಯುಗಾದಿ ಮರುದಿನ ನಮಗೆ ಇಂಟರ್ನಲ್ಸ್ ಇಟ್ಟಿದ್ದರು. ನಮ್ಮೂರು ತರೀಕೆರೆ ಕಡೆ ಒಂದು ಹಳ್ಳಿ. ಹೋಗಿಬರೋಕೆ ಆಗಲ್ಲ. ಅಮ್ಮನಿಗೆ ಫೋನ್ ಮಾಡಿದಾಗ, ‘ಹಬ್ಬ ಎಲ್ಲೂ ಓಡಿಹೋಗಲ್ಲ, ನೀನು ಬಂದ ದಿನ ಹೋಳಿಗೆ ತಟ್ಟಿದರಾಯ್ತು’ ಅಂದ್ರು. ಶನಿವಾರ ಮನೆ ಮುಟ್ಟಿದೆ. ಪಂಚಾಂಗದ ಪ್ರಕಾರ ಅವತ್ತು ಪಂಚಮಿ. ಬಾಗಿಲಿಗೆ ಹೊಸ ತೋರಣ ಕಟ್ಟಿದ್ದರು. ಅಪ್ಪ ಅವತ್ತೇ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಬೇವು-ಬೆಲ್ಲದ ಬಟ್ಟಲು ದೇವರ ಮುಂದಿತ್ತು. ನಾಲ್ಕು ದಿನ ಇವರು ಯುಗಾದಿ ಮಾಡಿಯೇ ಇಲ್ಲ ಅಂತ ಗೊತ್ತಾಗಿ ನನಗೆ ಮಾತು ಹೊರಡಲಿಲ್ಲ. ಅಜ್ಜಿ ಮಾತ್ರ ಗೊಣಗಿದ್ದಳು. ಮೊಮ್ಮಗ ಬರಲಿ ಬಿಡಲಿ, ಪಾಡ್ಯಕ್ಕೆ ತಾನೊಬ್ಬಳೇ ಬೇವು ತಿಂದು ಆಗಿತ್ತು ಅವಳದ್ದು. ‘ದಿನ ಅಂದ್ರೆ ದಿನ’ ಅಂದಳು. ಅಮ್ಮನೂ ಸರಿ, ಅಜ್ಜಿಯೂ ಸರಿ ಅನ್ನಿಸಿದ್ದು ಈಗಲೂ ಹಾಗೇ ಇದೆ.

ಆ ಅಜ್ಜಿಯನ್ನ ಎತ್ತಿಕೊಂಡು ಹೋಗಿ ಕ್ವೇಂಟನ್‌ನಲ್ಲಿ ಕೂರಿಸಿದೆ. ಮೊಮ್ಮಗ ಕೈಗಾಡಿಯಲ್ಲಿ ಎಳೆದುಕೊಂಡು ಬಂದಿದ್ದಾನೆ. ಕೆಮ್ಮು, ಎದೆ ಗೊರಗೊರ. ಸಾಯೋದಕ್ಕೆ ಮುಂಚೆ ಹೂ ನೋಡಬೇಕು, ಅದೂ ಸರಿಯಾದ ರಾತ್ರಿ ಬಿಟ್ಟ ಹೂವನ್ನೇ. ಇನ್ನು ಹನ್ನೊಂದು ದಿನ ಬದುಕೋದು ಅನುಮಾನ.

ಈಗ ನೋಡಿ. ಸುರುಳಿ ಹಾಗೇ ಬಿಟ್ಟರೆ ಹೂ ಬಿಡುತ್ತೆ, ಅಜ್ಜಿ ಸಂತೋಷವಾಗಿ ಸಾಯ್ತಾಳೆ, ಆದರೆ ಸುಳ್ಳು ಹೂವನ್ನ ನೋಡಿ. ಕಿತ್ತರೆ ಊರಿನವರ ಪರೀಕ್ಷೆ ಪ್ರಾಮಾಣಿಕವಾಗಿ ಉಳಿಯುತ್ತೆ, ಅಜ್ಜಿಗೆ ಹೂ ಸಿಗಲ್ಲ. ಇದನ್ನ ಹಬ್ಬ ಇಲ್ಲದ ಕಥೆಗೆ ಹೊಂದಿಸೋಕೆ ಆಗಲ್ಲ.

ಕೈಕೆಲಸದ ಮಾತು

ಸುಳಿವುಗಳ ವಿಷಯಕ್ಕೆ ಬರೋಣ. ಗಮ್‌ಶೂ ಅನ್ನೋ ಇನ್ನೊಂದು ಆಟದ ಪದ್ಧತಿಯಲ್ಲಿ ಒಂದು ಒಳ್ಳೇ ನಿಯಮ ಇದೆ: ಕಥೆ ಮುಂದೆ ಹೋಗೋಕೆ ಬೇಕೇ ಬೇಕಾದ ಸುಳಿವನ್ನ ದಾಳದ ಮೇಲೆ ಬಿಡಬೇಡ. ಸರಿಯಾದ ಜಾಗದಲ್ಲಿ ಹುಡುಕಿದರೆ ಕೊಟ್ಟುಬಿಡು. ನಾನು ಅದನ್ನ ಎಲ್ಲಾ ಆಟಕ್ಕೂ ಹಾಕ್ತೀನಿ. ಜೊತೆಗೆ ಒಂದೇ ವಿಷಯಕ್ಕೆ ಮೂರು ಸುಳಿವು ಇಡ್ತೀನಿ, ಎರಡನ್ನ ಹೇಗೂ ಯಾರೂ ನೋಡಲ್ಲ.

ಇಲ್ಲಿ ಮೂರು: ಸುತ್ತ ಎಲ್ಲಾ ಕಡೆ ಮಂಜು ಹೆಪ್ಪುಗಟ್ಟಿದೆ, ಗಿಡದ ಬುಡದಲ್ಲಿ ಮಾತ್ರ ಒದ್ದೆ ಮಣ್ಣು. ಊರಿನ ನಾಯಿಗಳೆಲ್ಲ ಬಂದು ಆ ಬುಡದಲ್ಲೇ ಸುರುಳಿ ಸುತ್ತಿ ಮಲಗಿವೆ. ಮೂರನೆಯದು, ಸರಿಗಾರ ಇಳಿದುಕೊಂಡಿರೋ ಛತ್ರದ ಕೋಣೆಯಲ್ಲಿ ಬಣ್ಣದ ಗೋಲಿ ಕಟ್ಟಿದ ಕ್ರಿಸ್‌ಮಸ್ ಮರ.

ಮೂರನೆಯದು ಯಾಕೆ ಸುಳಿವು? ಇಂಗ್ಲೆಂಡಿನಲ್ಲಿ ಆಗಿನ್ನೂ ಕ್ರಿಸ್‌ಮಸ್ ಮರದ ರೂಢಿ ಇರಲಿಲ್ಲ. ಜರ್ಮನಿಯಿಂದ ಬಂದ ರಾಣಿ ಶಾರ್ಲೆಟ್ 1800ರಲ್ಲಿ ವಿಂಡ್ಸರ್‌ನಲ್ಲಿ ಇಡಿಸಿದ್ದು ಹೆಸರುವಾಸಿ. ಮನೆಮನೆಗೆ ಹೋದದ್ದು 1848ರಲ್ಲಿ ವಿಕ್ಟೋರಿಯಾ ಕುಟುಂಬದ ಮರದ ಚಿತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ. ಗ್ರೀಟಿಂಗ್ ಕಾರ್ಡು ಮಾರಾಟಕ್ಕೆ ಬಂದದ್ದು 1843ರಲ್ಲಿ. ಅಂದ್ರೆ ನಾವು ಯಾವುದನ್ನ ‘ಹಳೇ ಕಾಲದ ಕ್ರಿಸ್‌ಮಸ್’ ಅಂದ್ಕೊಳ್ತೀವೋ ಅದರಲ್ಲಿ ಬಹುಪಾಲು 1752ರವರಿಗೆ ಭವಿಷ್ಯ. ಇದ್ದದ್ದು ಹಸಿರು ಹಾಲಿ ಎಲೆಗಳು, ಒಲೆಯಲ್ಲಿ ದೊಡ್ಡ ಕೊರಡು, ಬಿಸಿ ಏಲ್, ಮಿನ್ಸ್ ಪೈ, ಬಡವರ ಮನೆಯಲ್ಲಿ ಕುರಿಕೊಬ್ಬಿನ ಬತ್ತಿಯ ವಾಸನೆ. ಆದರೆ ಇದು ನಮ್ಮ ಆಟಗಾರರಿಗೆ ಗೊತ್ತಿರಲ್ಲ, ಗೊತ್ತಿರಬೇಕು ಅಂತ ಕೂರಬೇಡಿ. ಛತ್ರದ ಹೆಂಗಸಿನ ಬಾಯಲ್ಲಿ ಹೇಳಿಸಿ: ‘ಮೇಲಿನ ಕೋಣೆಯವನಿಗೆ ತಲೆ ಸರಿಯಿಲ್ಲ, ಕಾಡಿನ ಗಿಡ ಕಡಿದು ತಂದು ಮಂಚದ ಪಕ್ಕ ನಿಲ್ಲಿಸಿದ್ದಾನೆ.’ ಓದಿಕೊಂಡದ್ದನ್ನೆಲ್ಲ ಗೇಮ್ ಮಾಸ್ಟರ್ ಭಾಷಣ ಮಾಡಿದರೆ ಎಲ್ಲರೂ ಫೋನ್ ತೆಗೀತಾರೆ. ಊರಿನವರು ಗೊಣಗಿದರೆ ಕಿವಿ ನಿಮಿರುತ್ತೆ.

ದಾಳದ ಬಗ್ಗೆ ಜಾಸ್ತಿ ಹೇಳಲ್ಲ. ಎರಡು ಸಾದಾ ದಾಳ, ಅದಕ್ಕೆ ಪಾತ್ರದ ಗುಣ ಮತ್ತು ಕೌಶಲದ ಅಂಕ ಕೂಡಿಸೋದು, ಅಷ್ಟೇ. ಚೆನ್ನಾಗಿರೋದು ಎರಡು ಸಂಗತಿ. ಫಲ ಬರೀ ಆಯ್ತು, ಆಗಲಿಲ್ಲ ಅಂತ ಅಲ್ಲ, ‘ಆಯ್ತು, ಆದರೆ...’, ‘ಆಗಲಿಲ್ಲ, ಆದರೆ...’ ಅಂತಲೂ ಬರುತ್ತೆ. ಇನ್ನೊಂದು, ಯಾರ ಸರದಿ ಮೊದಲು ಅನ್ನೋದು. ಮೊದಲು ಮಾತಾಡುವವರು, ಆಮೇಲೆ ಓಡುವವರು, ಆಮೇಲೆ ಬೇರೇನಾದರೂ ಮಾಡುವವರು, ಕಟ್ಟಕಡೆಗೆ ಹೊಡೆಯುವವರು. ಹಬ್ಬದ ಕಥೆಗೆ ಇದಕ್ಕಿಂತ ಒಳ್ಳೇ ನಿಯಮ ನಾನು ನೋಡಿಲ್ಲ. ಕೋಲು ಎತ್ತಿದವನಿಗೆ ಎಲ್ಲರ ಮಾತು ಮುಗಿಯೋವರೆಗೆ ಕಾಯದೆ ಬೇರೆ ದಾರಿ ಇಲ್ಲ.

ಆವತ್ತು ಮೇಜಿನಲ್ಲಿ

ನಾಲ್ಕು ಜನ ಇದ್ದರು. ಪಾಯಿಂಟರ್ ಮಹಾಶಯ, ಸಿವಿಲ್‌ನ ಗೆಳತಿ, ಮೆಕ್ಯಾನಿಕಲ್‌ನ ಜೂನಿಯರ್ ಒಬ್ಬ, ಮಂಗಳೂರಿನವನು. ಸಂಘದ ರೂಮಿನಲ್ಲಿ ಮಧ್ಯಾಹ್ನ ಮೂರಕ್ಕೆ ಶುರು. ಲೇಡೀಸ್ ಹಾಸ್ಟೆಲ್ ಗೇಟು ಎಂಟಕ್ಕೆ ಮುಚ್ಚುತ್ತೆ, ಅಷ್ಟರಲ್ಲಿ ಮುಗಿಸಬೇಕು.

ನಾಯಿಗಳನ್ನ ಜೂನಿಯರ್ ಕಂಡುಹಿಡಿದ. ಸುರುಳಿ ಸಿಕ್ಕಿತು. ಸರಿಗಾರನ ಜೊತೆ ವಾದ ಒಂದು ಗಂಟೆ ನಡೀತು, ನಾನು ಹದಿನೈದು ನಿಮಿಷ ಅಂತ ಬರೆದುಕೊಂಡಿದ್ದೆ. ಪಾಯಿಂಟರ್ ಮಹಾಶಯ ಅವನ ಪರವಾಗಿ ಮಾತಾಡೋಕೆ ಶುರುಮಾಡಿದ! ಸಿವಿಲ್ ಗೆಳತಿ ಒಂದೇ ಪ್ರಶ್ನೆ ಕೇಳಿದಳು: ‘ನಿಮ್ಮ ಲೆಕ್ಕ ಅಷ್ಟು ಸರಿಯಾಗಿದ್ದರೆ ಅದನ್ನ ಇವರಿಗೆ ಹೇಳಿ ಒಪ್ಪಿಸಿ. ಗಿಡದ ಬಾಯಲ್ಲಿ ಸುಳ್ಳು ಯಾಕೆ ಹೇಳಿಸ್ತೀರಿ?’ ಆ ಮಾತಿಗೆ ದಾಳ ಹಾಕಿಸಲೇ ಇಲ್ಲ ನಾನು. ಸರಿಗಾರ ಕೂತುಬಿಟ್ಟ. ಸುರುಳಿ ಕಿತ್ತರು. ಹೂ ಬಿಡಲಿಲ್ಲ. ಲಾಟೀನುಗಳು ಒಂದೊಂದಾಗಿ ಕದಲಿದವು.

ಅಜ್ಜಿಯ ಕೈಗಾಡಿ ಮಾತ್ರ ಉಳಿಯಿತು.

ಇಲ್ಲಿಗೆ ನಾನು ಬರೆದುಕೊಂಡಿದ್ದ ಪರಿಹಾರ ಬಲು ಸುಂದರವಾಗಿತ್ತು. ನಮ್ಮ ಹತ್ತಿರ ಕಾಲಯಾನದ ಬಸ್ಸು ಇದೆ. ಅಜ್ಜಿಯನ್ನ ಹತ್ತಿಸಿ, ಹನ್ನೊಂದು ದಿನ ಮುಂದೆ, ಹಳೇ ಕ್ರಿಸ್‌ಮಸ್ ಹಿಂದಿನ ರಾತ್ರಿ ಇಳಿಸಿದರಾಯ್ತು. ಮೂರು ನಿಮಿಷದ ಪ್ರಯಾಣ, ಅಜ್ಜಿ ಬದುಕಿರ್ತಾಳೆ, ಹೂ ನೋಡ್ತಾಳೆ. ಯಾರಿಗಾದರೂ ಹೊಳೆಯುತ್ತಾ ಅಂತ ಕಾಯ್ತಿದ್ದೆ. ಮಂಗಳೂರಿನವನಿಗೆ ಹೊಳೀತು. ‘ಅಜ್ಜೀ, ಬಸ್ಸು ಹತ್ತಿ, ನಾಳೆ ಬೆಳಿಗ್ಗೆ ನಿಮ್ಮ ಕ್ರಿಸ್‌ಮಸ್ಸು’ ಅಂದ.

ಅಜ್ಜಿ ಆಗಿ ನಾನು ಹೂಂ ಅನ್ನಬೇಕಿತ್ತು. ಬಾಯಲ್ಲಿ ಬೇರೆಯೇ ಬಂತು. ‘ರಾಜ ಹನ್ನೊಂದು ದಿನ ತಗೊಂಡ. ಈಗ ನೀವೂ ಹನ್ನೊಂದು ತಗೋತೀರಾ?’

ಪಾಯಿಂಟರ್ ಮಹಾಶಯ ಹಳೇ ವಾದ ತೆಗೆದ. ‘ಅಜ್ಜೀ, ರಾಜ ದಿನ ತಗೊಂಡಿಲ್ಲ. ದಿನದ ಹೆಸರು ಬದಲಾಯಿಸಿದ್ದು ಅಷ್ಟೇ.’

‘ಹಾಗಾದ್ರೆ ನಿಜವಾಗಿ ಕದಿಯೋರು ನೀವೇ ಆದ್ರಲ್ಲ ಮಗಾ. ನನ್ನ ಹತ್ರ ಉಳಿದಿರೋದೇ ಅಷ್ಟು. ಮೊಮ್ಮಗನ ಜೊತೆ ಕಳೀಬೇಕು.’

ಯಾರೂ ಮಾತಾಡಲಿಲ್ಲ. ಫ್ಯಾನ್ ಸದ್ದು ಮಾತ್ರ. ಅಜ್ಜಿಯ ಈ ಮಾತನ್ನ ನಾನು ಬರೆದಿರಲಿಲ್ಲ. ಆದರೆ ಅದು ಬರೋದಕ್ಕೆ ಜಾಗ ಇದ್ದದ್ದು, ಮೊದಲ ಕಥೆಯ ತಪ್ಪನ್ನ ಅವನು ಅಷ್ಟು ಸರಿಯಾಗಿ ತೋರಿಸಿಕೊಟ್ಟಿದ್ದರಿಂದ. ನಿಮ್ಮ ಕಥೆಯನ್ನ ಒಡೆಯೋ ಆಟಗಾರನ ಮೇಲೆ ಕೋಪ ಮಾಡ್ಕೋಬೇಡಿ. ಅವನು ಒಡೆದ ಜಾಗವನ್ನ ಬರೆದಿಟ್ಟುಕೊಳ್ಳಿ.

ಕೊನೆಗೆ ಜೂನಿಯರ್ ಹೇಳಿದ, ‘ನಾವು ಇಲ್ಲೇ ಇರೋಣ. ಹನ್ನೊಂದು ದಿನವೂ.’ ಕಾಲಯಾನದ ಆಟದಲ್ಲಿ ಇಂಥ ಮಾತನ್ನ ನಾನು ಹಿಂದೆ ಕೇಳಿರಲಿಲ್ಲ. ಬಸ್ಸು ಇದ್ದೂ ಕಾಯೋದು. ನಾನು ನಿಯಮ ಪುಸ್ತಕ ಮುಚ್ಚಿಟ್ಟೆ. ಒಬ್ಬೊಬ್ಬರು ಒಂದೊಂದು ದಿನ ಹೇಳಿ, ಒಂದೇ ವಾಕ್ಯ, ಅಂದೆ. ಸಿವಿಲ್ ಗೆಳತಿ ಮೊದಲ ದಿನ ಗಾಡಿಯ ಚಕ್ರ ರಿಪೇರಿ ಮಾಡಿದಳು. ಪಾಯಿಂಟರ್ ಮಹಾಶಯ ಮೊಮ್ಮಗನಿಗೆ ಅಧಿಕ ವರ್ಷದ ಲೆಕ್ಕ ಕಲಿಸಿದ. ಜೂನಿಯರ್ ಸೌದೆ ಒಡೆದ, ಮಂಗಳೂರಿನವನು ಅಜ್ಜಿಗೆ ಮೆಣಸಿನ ಕಷಾಯ ಕಾಯಿಸಿದ. (1752ರಲ್ಲಿ ಕಾಳುಮೆಣಸು ಎಲ್ಲಿಂದ ಅಂತ ಕೇಳಿದ್ರೆ, ಮಲಬಾರಿನಿಂದ ಬಂದದ್ದು, ದುಬಾರಿ ಅಂದ. ಒಪ್ಪಿದೆ.) ಏಳನೇ ದಿನ ಅಜ್ಜಿ ಏಳಲಿಲ್ಲ, ಎಂಟನೇ ದಿನ ಎದ್ದು ಕೂತಳು. ಹತ್ತನೇ ದಿನ ಯಾರೂ ಏನೂ ಮಾಡಲಿಲ್ಲ, ಬೆಂಕಿ ಮುಂದೆ ಕೂತಿದ್ದರು.

ಹನ್ನೊಂದನೇ ರಾತ್ರಿ, ಜನವರಿ 4. ಗಂಟೆ ಏಳೂ ಮುಕ್ಕಾಲು ಆಗಿತ್ತು, ಸಿವಿಲ್ ಗೆಳತಿ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಕೂತಿದ್ದಳು. ಪತ್ರಿಕೆಯ ಸುದ್ದಿ ಮುಗಿದದ್ದು ಡಿಸೆಂಬರ್ ರಾತ್ರಿಗೆ, ಇದು ನಮ್ಮ ರಾತ್ರಿ. ನಾನು ರೂಮಿನ ದೀಪ ಆರಿಸಿ, ಫೋನಿನ ಟಾರ್ಚ್ ಹಚ್ಚಿ ಮಂಗಳೂರಿನವನ ಕೈಗೆ ಕೊಟ್ಟೆ. ‘ಗಿಡದ ಹತ್ತಿರ ನೀನಿದ್ದೀಯ. ನೀನೇ ನೋಡಿ ಹೇಳು’ ಅಂದೆ.

ಅವನು ಟಾರ್ಚನ್ನ ಖಾಲಿ ಮೇಜಿನ ಮೇಲೆ ನಿಧಾನಕ್ಕೆ ಆಡಿಸಿದ. ಬಗ್ಗಿ ನೋಡಿದ.

‘ಎರಡು ಮೊಗ್ಗು ಇದೆ’ ಅಂದ. ‘ಗಾಡಿ ಸ್ವಲ್ಪ ಹತ್ತಿರ ತನ್ನಿ.’